ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ: ಆಗಾಗ ಕೈಕೊಡುವ ಕನೆಕ್ಷನ್‌ನ ಮೂಲ ಹುಡುಕುವುದು ಹೇಗೆ?

ಪ್ರಶ್ನೆ: ನಾವು ಸುಮಾರು 40 ಕಂಪ್ಯೂಟರುಗಳಲ್ಲಿ ಬಳಸುವ ಒಂದು ಪ್ರೋಗ್ರಾಂ ಬೇರೆ ನೆಟ್‌ವರ್ಕಿನಲ್ಲಿರುವ ಸರ್ವರಿಗೆ ಕನೆಕ್ಟ್ ಆಗಿ ಕೆಲಸ ಮಾಡುತ್ತದೆ. ಎರಡೂ ಕಡೆ ಲಿನಕ್ಸ್, ನಡುವೆ ಒಂದು ಫೈರ್‌ವಾಲ್. ದಿನದ ಬಹುಪಾಲು ಏನೂ ತೊಂದರೆ ಇಲ್ಲ. ಆದರೆ ದಿನಕ್ಕೆ ಹತ್ತು ಹದಿನೈದು ಸಲ ಕೈಕೊಡುತ್ತದೆ. ಒಮ್ಮೊಮ್ಮೆ ಅರ್ಧ ನಿಮಿಷ ಹಾಗೇ ನಿಂತು ‘ಟೈಮ್ಡ್ ಔಟ್’ ಎನ್ನುತ್ತದೆ. ಒಮ್ಮೊಮ್ಮೆ ಒತ್ತಿದ ತಕ್ಷಣ ‘ಕನೆಕ್ಷನ್ ರೀಸೆಟ್ ಬೈ ಪಿಯರ್’ ಎನ್ನುತ್ತದೆ. ಬೆಳಗ್ಗೆ ಮೊದಲ ಸಲ ಮತ್ತು ಮಧ್ಯಾಹ್ನದ ವಿರಾಮ ಮುಗಿಸಿ ಬಂದಾಗ ಇದು ಜಾಸ್ತಿ. ಕೆಲಸದ ಒತ್ತಡ ಇರುವ ಹೊತ್ತಿನಲ್ಲಿ ಫೇಲ್ ಆಗದಿದ್ದರೂ ಕನೆಕ್ಟ್ ಆಗಲು ಒಂದು ಸೆಕೆಂಡೋ ಮೂರು ಸೆಕೆಂಡೋ ತಡವಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಎಲ್ಲ ಸರಿ. ಪಿಂಗ್ ಗಂಟೆಗಟ್ಟಲೆ ಓಡಿಸಿದೆವು, ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ. ಕೇಬಲ್ ಬದಲಿಸಿದೆವು, ಸರ್ವರ್ ರೀಸ್ಟಾರ್ಟ್ ಮಾಡಿದೆವು. ಸರ್ವರಿನವರು ನೆಟ್‌ವರ್ಕ್ ಕಡೆ ಕೈ ತೋರಿಸುತ್ತಾರೆ, ನೆಟ್‌ವರ್ಕಿನವರು ಸರ್ವರ್ ಕಡೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಯಾವ ಹೊತ್ತಿನಲ್ಲಿ ಜಾಸ್ತಿ, ಎಷ್ಟು ಹೊತ್ತು ನಿಂತಿತು, ಯಾವ ಮಾತು ಹೇಳಿ ಬಿಟ್ಟಿತು, ಈ ಮೂರನ್ನೂ ನೀವು ಗಮನಿಸಿದ್ದೀರಿ. ಬಹಳ ಜನ ‘ಆಗಾಗ ಕನೆಕ್ಷನ್ ಹೋಗುತ್ತೆ’ ಅಂತ ಒಂದೇ ಸಾಲು ಬರೆದು ಸುಮ್ಮನಾಗುತ್ತಾರೆ. ‘ಆಗಾಗ’ ಅನ್ನುವುದು ರೋಗದ ಹೆಸರಲ್ಲ. ಅದಕ್ಕೂ ಒಂದು ನಿಯಮ ಇರುತ್ತದೆ, ನಮಗೆ ಅದು ಇನ್ನೂ ಕಂಡಿರುವುದಿಲ್ಲ, ಅಷ್ಟೆ. ಆ ನಿಯಮ ಯಾವುದು ಅಂತ ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ನನಗೆ ಕಾಣುವ ಹಾಗೆ ನಿಮ್ಮಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು ಅಥವಾ ಮೂರು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿರುವುದರಿಂದಲೇ ಹುಡುಕಾಟ ಎಲ್ಲಿಗೂ ಮುಟ್ಟುತ್ತಿಲ್ಲ. ವಿರಾಮದ ನಂತರ ಬರುವ ಟೈಮ್‌ಔಟ್ ಬೇರೆ. ಒತ್ತಿದ ತಕ್ಷಣ ಬರುವ ರೀಸೆಟ್ ಬೇರೆ ಇರಬಹುದು. ಒತ್ತಡದ ಹೊತ್ತಿನ ಒಂದು ಸೆಕೆಂಡು, ಮೂರು ಸೆಕೆಂಡಿನ ತಡ ಖಂಡಿತ ಬೇರೆ.

ಮೊದಲು ಎರರ್ ಮಾತುಗಳ ಅರ್ಥ ನೋಡೋಣ, ಯಾಕೆಂದರೆ ಅವು ಒಂದಕ್ಕೊಂದು ಬದಲಿ ಅಲ್ಲ. ಕನೆಕ್ಷನ್ ಶುರುವಾಗುವಾಗ ಕ್ಲೈಂಟ್ (ನಿಮ್ಮ ಕಂಪ್ಯೂಟರ್) ಒಂದು ಸಿನ್ ಪ್ಯಾಕೆಟ್, ಅಂದರೆ ‘ಮಾತಾಡೋಣವೇ’ ಅನ್ನುವ ಪುಟ್ಟ ಸಂದೇಶ, ಕಳಿಸುತ್ತದೆ. ಸರ್ವರ್ ಸಿನ್-ಆ್ಯಕ್ ಅಂತ ಮರುಮಾತು ಕೊಡುತ್ತದೆ. ಕ್ಲೈಂಟ್ ಆ್ಯಕ್ (‘ತಲುಪಿತು’ ಅನ್ನುವ ಒಪ್ಪಿಗೆ) ಕಳಿಸಿದರೆ ಬಾಗಿಲು ತೆರೆದ ಹಾಗೆ. ‘ರೆಫ್ಯೂಸ್ಡ್’ ಅಂತ ಬಂದರೆ ಸಿನ್ ಎಲ್ಲೋ ತಲುಪಿತು, ಅಲ್ಲಿಂದ ‘ಈ ಪೋರ್ಟಿನಲ್ಲಿ ಯಾರೂ ಇಲ್ಲ’ ಅನ್ನುವ ಉತ್ತರವೂ ಬಂತು ಅಂತ ಅರ್ಥ. (ಪೋರ್ಟ್ ಅಂದರೆ ಆ ಯಂತ್ರದಲ್ಲಿ ಯಾವ ಪ್ರೋಗ್ರಾಂ ಜೊತೆ ಮಾತು ಅಂತ ಹೇಳುವ ಸಂಖ್ಯೆ.) ‘ಟೈಮ್ಡ್ ಔಟ್’ ಅಂದರೆ ಉತ್ತರವೇ ಇಲ್ಲ: ಪ್ಯಾಕೆಟ್ ಹೋಗುವಾಗ ಕಳೆದಿರಬಹುದು, ಉತ್ತರ ಬರುವಾಗ ಕಳೆದಿರಬಹುದು, ಸರ್ವರ್ ಕೇಳಿಯೂ ಸುಮ್ಮನಿದ್ದಿರಬಹುದು. ‘ರೀಸೆಟ್’ ಅಂದರೆ ತೆರೆದಿದ್ದ ಬಾಗಿಲನ್ನು ಯಾರೋ ಮಾತಿನ ಮಧ್ಯೆ ಬೇಕೆಂದೇ ಮುಚ್ಚಿದರು. ‘ಯಾರೋ’ ಅಂತ ಹೇಳಿದ್ದು ಕಾರಣ ಇದ್ದೇ. ಎರರ್‌ನಲ್ಲಿ ‘ಬೈ ಪಿಯರ್’ ಅಂತ ಇದ್ದರೂ ಅದನ್ನು ಕಳಿಸಿದ್ದು ಸರ್ವರೇ ಆಗಿರಬೇಕಾಗಿಲ್ಲ. ನಡುವಿನ ಫೈರ್‌ವಾಲ್ ಸರ್ವರಿನ ಹೆಸರಲ್ಲಿ ಕಳಿಸಿರಬಹುದು.

ಇನ್ನು ತಡದ ಲೆಕ್ಕ. ಇದು ನನಗೆ ತುಂಬ ಇಷ್ಟವಾದ ಸುಳಿವು. ಯಂತ್ರಗಳು ಕಾಯುವಾಗ ಮನಸ್ಸಿಗೆ ಬಂದಷ್ಟು ಕಾಯುವುದಿಲ್ಲ, ಗೊತ್ತುಮಾಡಿದ ಅಳತೆಯಲ್ಲೇ ಕಾಯುತ್ತವೆ. ಲಿನಕ್ಸ್ ಕಳಿಸಿದ ಸಿನ್‌ಗೆ ಉತ್ತರ ಬರದಿದ್ದರೆ ಒಂದು ಸೆಕೆಂಡು ಬಿಟ್ಟು ಮತ್ತೆ ಕಳಿಸುತ್ತದೆ. ಆಮೇಲೆ ಎರಡು ಸೆಕೆಂಡು ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು. ಅಂದರೆ ಶುರುವಿನಿಂದ ಎಣಿಸಿದರೆ 1, 3, 7, 15, 31, 63ನೇ ಸೆಕೆಂಡಿನಲ್ಲಿ. ಕೊನೆಗೆ 127 ಸೆಕೆಂಡಿಗೆ ಕೈಬಿಡುತ್ತದೆ. (2023ರ ನಂತರದ ಕರ್ನಲ್‌ಗಳಲ್ಲಿ, ಅಂದರೆ ಲಿನಕ್ಸ್‌ನ ತಿರುಳು ಭಾಗದಲ್ಲಿ, ಮೊದಲ ಕೆಲವು ಪ್ರಯತ್ನಗಳು ಒಂದೊಂದೇ ಸೆಕೆಂಡಿನ ಅಂತರದಲ್ಲಿ ಹೋಗುತ್ತವೆ.) ಹಾಗಾಗಿ ‘ಒಂದು ಸೆಕೆಂಡೋ ಮೂರು ಸೆಕೆಂಡೋ ತಡ’ ಅಂತ ನೀವು ಬರೆದಿದ್ದು ಓದಿದ ಕೂಡಲೇ ನನಗೆ ಹೊಳೆದಿದ್ದು ಇದು: ಮೊದಲ ಸಿನ್ ಹೋಗಿ ಬಿದ್ದಿದೆ, ಎರಡನೆಯದೋ ಮೂರನೆಯದೋ ಸಿನ್‌ಗೆ ಉತ್ತರ ಬಂದಿದೆ. ಇದೇ ತಡ ಐದು ಸೆಕೆಂಡು ಆಗಿದ್ದರೆ ನಾನು ಡಿಎನ್ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಕಡೆ ತಿರುಗುತ್ತಿದ್ದೆ. ಲಿನಕ್ಸ್‌ನಲ್ಲಿ ಹೆಸರು ಹುಡುಕುವ ಪ್ರಶ್ನೆಗೆ ಉತ್ತರ ಬರದಿದ್ದರೆ ಸಾಮಾನ್ಯವಾಗಿ ಐದು ಸೆಕೆಂಡು ಕಾದು ಮತ್ತೆ ಕೇಳುತ್ತದೆ. ತಡ ಸರಿಯಾಗಿ 30 ಅಥವಾ 60 ಸೆಕೆಂಡು ಅಂದರೆ ಅದು ಹೆಚ್ಚಾಗಿ ಯಾರೋ ಪ್ರೋಗ್ರಾಂ ಬರೆದವರು ಇಟ್ಟ ಮಿತಿ. ನಿಮ್ಮ ‘ಅರ್ಧ ನಿಮಿಷ’ ಹಾಗೆಯೇ ಕಾಣುತ್ತದೆ. ಅಂದರೆ ಆ 30 ಸೆಕೆಂಡಿನ ಒಳಗೆ ಏನಾಯಿತು ಅನ್ನುವುದು ಇನ್ನೂ ಗೊತ್ತಿಲ್ಲ. ಅದನ್ನೇ ಬಿಚ್ಚಿ ನೋಡಬೇಕು.

ಪಿಂಗ್ ಬಗ್ಗೆ ಒಂದು ಮಾತು. 1983ರಲ್ಲಿ ಮೈಕ್ ಮೂಸ್ ಅದನ್ನು ಬರೆದಿದ್ದೇ ನೆಟ್‌ವರ್ಕಿನ ಒಂದು ತೊಂದರೆ ಹುಡುಕಲು. ಇವತ್ತಿಗೂ ಒಳ್ಳೆಯ ಸಲಕರಣೆ. ಆದರೆ ಅದು ಹೇಳುವುದು ಇಷ್ಟೇ: ಒಂದು ಚಿಕ್ಕ ಪ್ಯಾಕೆಟ್ ಆ ಯಂತ್ರದವರೆಗೆ ಹೋಗಿ ಬರುತ್ತದೆ. ಅದು ನಿಮ್ಮ ಪೋರ್ಟನ್ನು ಮುಟ್ಟುವುದಿಲ್ಲ, ಪ್ರೋಗ್ರಾಂ ಎದುರಿನ ಸಾಲಿನಲ್ಲಿ ನಿಲ್ಲುವುದಿಲ್ಲ, ಹಳೆಯ ಕನೆಕ್ಷನ್ನಿನ ನೆನಪನ್ನು ಫೈರ್‌ವಾಲ್‌ನಲ್ಲಿ ಕೆದಕುವುದಿಲ್ಲ. ಸೆಕೆಂಡಿಗೊಂದರಂತೆ ಹೋಗುವುದರಿಂದ ಅದರ ದಾರಿ ಯಾವಾಗಲೂ ಬೆಚ್ಚಗೇ ಇರುತ್ತದೆ. ನಿಮ್ಮ ತೊಂದರೆ ಬರುವುದು ಸುಮ್ಮನೆ ಬಿಟ್ಟ ಕನೆಕ್ಷನ್ನಿಗೆ, ಅಲ್ವಾ? ಹಾಗಿದ್ದ ಮೇಲೆ ಪಿಂಗ್ ಗಂಟೆಗಟ್ಟಲೆ ಸರಿ ಇದ್ದಿದ್ದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿ ನನ್ನ ಅನುಭವ ಒಂದನ್ನು ಹೇಳಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಎರಡು ಸ್ವಿಚ್‌ಗಳ ನಡುವೆ ಎರಡು ಲಿಂಕುಗಳನ್ನು ಕಟ್ಟಿ ಒಂದೇ ಲಿಂಕಿನಂತೆ ಬಳಸುತ್ತಿದ್ದರು. ಹೊಸ ಕನೆಕ್ಷನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಒದ್ದಾಡುತ್ತಿದ್ದವು, ಇನ್ನರ್ಧ ಚೆನ್ನಾಗಿಯೇ ಇರುತ್ತಿದ್ದವು. ಪಿಂಗ್ ಶುದ್ಧ. ಎಲ್ಲರೂ ಇದು ಸುಮ್ನೆ ಅದೃಷ್ಟದ ಆಟ ಅಂತಲೇ ಅಂದುಕೊಂಡಿದ್ದೆವು. ನಾಲ್ಕನೇ ದಿನ ಒಬ್ಬರಿಗೆ ಫೇಲ್ ಆದ ಕನೆಕ್ಷನ್‌ಗಳ ಸೋರ್ಸ್ ಪೋರ್ಟ್ (ಪ್ರತಿ ಕನೆಕ್ಷನ್ನಿಗೂ ಕ್ಲೈಂಟ್ ತನ್ನ ಕಡೆ ಬಳಸುವ ಪೋರ್ಟ್ ಸಂಖ್ಯೆ) ಬರೆದಿಡುವ ಯೋಚನೆ ಬಂತು. ಫೇಲ್ ಆದ ಅದೇ ಸೋರ್ಸ್ ಪೋರ್ಟನ್ನು ಕೈಯಾರೆ ಕೊಟ್ಟು ಪ್ರಯತ್ನಿಸಿದರೆ ಪ್ರತಿ ಸಲವೂ ಫೇಲ್. ಗೆದ್ದ ಪೋರ್ಟ್ ಕೊಟ್ಟರೆ ಪ್ರತಿ ಸಲವೂ ಗೆಲುವು. ಆ ಕ್ಷಣಕ್ಕೆ ಅದೃಷ್ಟದ ಮಾತು ಮುಗಿಯಿತು. ಸ್ವಿಚ್ ಎರಡೂ ತುದಿಯ ಐಪಿ ವಿಳಾಸ, ಪೋರ್ಟು ನೋಡಿ ಲೆಕ್ಕ ಹಾಕಿ ಯಾವ ಲಿಂಕಿನಲ್ಲಿ ಕಳಿಸಬೇಕು ಅಂತ ತೀರ್ಮಾನಿಸುತ್ತದೆ. ಎರಡರಲ್ಲಿ ಒಂದು ಲಿಂಕಿನ ಆಪ್ಟಿಕಲ್ ಮಾಡ್ಯೂಲ್ ಹಾಳಾಗಿತ್ತು. ಪಿಂಗ್ ಯಾವಾಗಲೂ ಒಳ್ಳೆಯ ಲಿಂಕಿನಲ್ಲೇ ಹೋಗುತ್ತಿತ್ತು. ಅವತ್ತಿನಿಂದ ಸೋರ್ಸ್ ಪೋರ್ಟ್ ಇಲ್ಲದ ಲಾಗನ್ನು ನಾನು ಪೂರ್ತಿ ಲಾಗ್ ಅಂತ ಒಪ್ಪುವುದಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಬರೆದಿಡುವುದು. ಪ್ರೋಗ್ರಾಂ ಬರೆದವರಿಗೆ ಹೇಳಿ, ಪ್ರತಿ ಫೇಲ್‌ಗೂ ಇಷ್ಟು ಲಾಗ್ ಆಗಲಿ: ಮಿಲಿಸೆಕೆಂಡಿನವರೆಗೆ ಸಮಯ, ಎರಡೂ ಕಡೆಯ ಐಪಿ ಮತ್ತು ಪೋರ್ಟ್, ಎರರ್‌ನ ಪೂರ್ತಿ ಮಾತು, ಎಷ್ಟು ಹೊತ್ತು ಕಾಯಿತು, ಯಾವ ಹಂತದಲ್ಲಿ ಬಿತ್ತು. ಹೆಸರು ಹುಡುಕುವಾಗಲೋ, ಕನೆಕ್ಟ್ ಆಗುವಾಗಲೋ, ಕನೆಕ್ಟ್ ಆದ ಮೇಲೆ ಉತ್ತರಕ್ಕೆ ಕಾಯುವಾಗಲೋ? ನಿಮ್ಮ ವಿಷಯದಲ್ಲಿ ಇನ್ನೂ ಒಂದು ಬೇಕೇ ಬೇಕು: ಈ ಕನೆಕ್ಷನ್ ಹೊಸದೋ ಹಳೆಯದೋ, ಹಳೆಯದಾದರೆ ಕೊನೆಯ ಸಲ ಬಳಸಿ ಎಷ್ಟು ಹೊತ್ತಾಗಿತ್ತು. ಎಲ್ಲ ಯಂತ್ರಗಳ ಗಡಿಯಾರವೂ ಎನ್‌ಟಿಪಿಯಿಂದ ಒಂದೇ ಸಮಯ ತೋರಿಸುವಂತೆ ಮೊದಲೇ ಮಾಡಿಕೊಳ್ಳಿ. ಎರಡು ಲಾಗ್‌ಗಳ ನಡುವೆ ಆರು ಸೆಕೆಂಡು ವ್ಯತ್ಯಾಸ ಇದ್ದರೆ ಯಾವುದಕ್ಕೆ ಯಾವುದು ಉತ್ತರ ಅಂತಲೇ ತಿಳಿಯುವುದಿಲ್ಲ.

ಎರಡನೆಯ ಕೆಲಸ, ಎರಡೂ ತುದಿಯಲ್ಲಿ ಪ್ಯಾಕೆಟ್ ಕ್ಯಾಪ್ಚರ್, ಅಂದರೆ ಹೋಗಿ ಬರುವ ಪ್ಯಾಕೆಟ್‌ಗಳನ್ನು ಫೈಲಿನಲ್ಲಿ ಹಿಡಿದಿಡುವುದು. ಅದಕ್ಕೆ ಟಿಸಿಪಿಡಂಪ್ ಅನ್ನುವ ಕಮಾಂಡ್ ಸಾಕು. ಒಂದು ಕ್ಲೈಂಟ್ ಕಂಪ್ಯೂಟರಿನಲ್ಲಿ, ಒಂದು ಸರ್ವರಿನಲ್ಲಿ, ಒಂದೇ ಹೊತ್ತಿಗೆ. ಒಂದೇ ಕಡೆ ಹಿಡಿದರೆ ಜಗಳ ಮುಗಿಯುವುದಿಲ್ಲ. ಇಡೀ ದಿನ ಓಡಿಸಿದರೆ ಡಿಸ್ಕ್ ತುಂಬುತ್ತದೆ ಅಂತ ಹೆದರಬೇಡಿ. ಆ ಒಂದು ಸರ್ವರ್ ಐಪಿ ಮತ್ತು ಪೋರ್ಟಿಗೆ ಮಾತ್ರ ಫಿಲ್ಟರ್ ಹಾಕಿ. ಪ್ಯಾಕೆಟ್ಟಿನ ಮೊದಲ 96 ಬೈಟ್ ಮಾತ್ರ ಉಳಿಸಿದರೆ ಹೆಡರ್ (ವಿಳಾಸ, ಪೋರ್ಟು ಇರುವ ತಲೆಭಾಗ) ಸಿಗುತ್ತದೆ, ಒಳಗಿನ ಮಾಹಿತಿ ಬಹುಪಾಲು ಹೊರಗೇ ಉಳಿಯುತ್ತದೆ. ಫೈಲ್ ಇಂತಿಷ್ಟು ದೊಡ್ಡದಾದ ಮೇಲೆ ಹೊಸದನ್ನು ಶುರುಮಾಡಿ, ಇಂತಿಷ್ಟು ಫೈಲ್ ಆದ ಮೇಲೆ ಹಳೆಯದರ ಮೇಲೇ ಬರೆಯುವಂತೆ ಟಿಸಿಪಿಡಂಪ್‌ನಲ್ಲೇ ಹೇಳಬಹುದು. 100 ಎಂಬಿಯ 20 ಫೈಲ್ ಇಟ್ಟರೆ 2 ಜಿಬಿ ದಾಟುವುದಿಲ್ಲ. ಫೇಲ್ ಆದ ತಕ್ಷಣ ನಿಲ್ಲಿಸಿ, ಎರಡೂ ಕಡೆಯ ಫೈಲನ್ನು ವೈರ್‌ಶಾರ್ಕ್‌ನಲ್ಲಿ (ಹಿಡಿದ ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ಪ್ರೋಗ್ರಾಂ) ಅಕ್ಕಪಕ್ಕ ತೆರೆಯಿರಿ. ಲಾಗ್‌ನಲ್ಲಿ ಬರೆದ ಸೋರ್ಸ್ ಪೋರ್ಟ್ ಹಾಕಿ ಹುಡುಕಿದರೆ ಆ ಕನೆಕ್ಷನ್ ಮಾತ್ರ ಮೇಲೆ ಬರುತ್ತದೆ.

ವಿರಾಮದ ನಂತರದ ಟೈಮ್‌ಔಟ್ ಹಿಡಿದಾಗ ನಿಮಗೆ ಕಾಣಬಹುದಾದ ಚಿತ್ರ ಹೇಗಿರುತ್ತದೆ ಅಂತ ಹೇಳುತ್ತೇನೆ. ಕ್ಲೈಂಟ್ ಕಡೆಯ ಫೈಲಿನಲ್ಲಿ 13:05ರ ಹೊತ್ತಿಗೆ ಕೊನೆಯ ಮಾತುಕತೆ, ಎರಡೂ ಕಡೆ ಆ್ಯಕ್ ಆಗಿ ಶಾಂತ. ಆಮೇಲೆ ಸುಮಾರು ಒಂದು ಗಂಟೆ ಏನೂ ಇಲ್ಲ. 14:02:11ಕ್ಕೆ ಕ್ಲೈಂಟ್ ಅದೇ ಕನೆಕ್ಷನ್ ಮೇಲೆ 180 ಬೈಟ್ ಕಳಿಸುತ್ತದೆ. ಉತ್ತರ ಇಲ್ಲ. ಸುಮಾರು 0.2 ಸೆಕೆಂಡು ಬಿಟ್ಟು ಅದೇ 180 ಬೈಟ್ ಮತ್ತೆ. 0.4 ಬಿಟ್ಟು ಮತ್ತೆ. 0.8 ಬಿಟ್ಟು, 1.6 ಬಿಟ್ಟು, ಅಂತರ ಇಮ್ಮಡಿಯಾಗುತ್ತಾ ಹೋಗುತ್ತದೆ. ವೈರ್‌ಶಾರ್ಕ್ ಇದನ್ನು ಕಪ್ಪು ಬಣ್ಣದ ಸಾಲುಗಳಲ್ಲಿ ‘ರೀಟ್ರಾನ್ಸ್‌ಮಿಷನ್’ ಅಂತ ತೋರಿಸುತ್ತದೆ. 14:02:41ಕ್ಕೆ ಪ್ರೋಗ್ರಾಂ ಸೋತು ‘ಟೈಮ್ಡ್ ಔಟ್’ ಅನ್ನುತ್ತದೆ. ನೀವು ಮತ್ತೆ ಒತ್ತುತ್ತೀರಿ. ಹೊಸ ಸೋರ್ಸ್ ಪೋರ್ಟಿನಿಂದ ಹೊಸ ಸಿನ್ ಹೋಗುತ್ತದೆ, ಕೆಲವೇ ಮಿಲಿಸೆಕೆಂಡಿನಲ್ಲಿ ಸಿನ್-ಆ್ಯಕ್ ಬರುತ್ತದೆ, ಎಲ್ಲ ಸರಾಗ. ಈಗ ಸರ್ವರ್ ಕಡೆಯ ಫೈಲ್ ನೋಡಿ. 13:05ರ ನಂತರ ಆ ಹಳೆಯ ಪೋರ್ಟಿನಿಂದ ಒಂದೇ ಒಂದು ಪ್ಯಾಕೆಟ್ ಬಂದಿಲ್ಲ. 14:02:41ರ ನಂತರದ ಹೊಸ ಸಿನ್ ಮಾತ್ರ ಇದೆ.

ಇದರ ಅರ್ಥ ಸ್ಪಷ್ಟ. ಕ್ಲೈಂಟ್ ಕಳಿಸಿದೆ, ಸರ್ವರಿಗೆ ಬಂದಿಲ್ಲ, ಅಂದರೆ ನಡುವೆ ನುಂಗಿದ್ದಾರೆ. ಫೈರ್‌ವಾಲ್ ತನ್ನ ಮೂಲಕ ಹಾದುಹೋಗುವ ಪ್ರತಿ ಕನೆಕ್ಷನ್ನನ್ನೂ ಒಂದು ಪಟ್ಟಿಯಲ್ಲಿ ಬರೆದುಕೊಂಡಿರುತ್ತದೆ. ಬಹಳ ಹೊತ್ತು ಯಾರೂ ಮಾತಾಡದಿದ್ದರೆ ‘ಇದು ಮುಗಿದಿರಬೇಕು’ ಅಂತ ಆ ಸಾಲನ್ನು ಅಳಿಸಿಬಿಡುತ್ತದೆ. ಹಾಗೆ ಅಳಿಸಿದ್ದನ್ನು ಎರಡೂ ತುದಿಗಳಿಗೆ ಹೇಳಬೇಕೆಂದೇನೂ ಇಲ್ಲ. ಕ್ಲೈಂಟ್ ಮಾತ್ರ ಬಾಗಿಲು ಇನ್ನೂ ತೆರೆದಿದೆ ಅಂತಲೇ ನಂಬಿರುತ್ತದೆ. ವಿರಾಮ ಮುಗಿಸಿ ಬಂದು ಮಾತಾಡಿದರೆ ಫೈರ್‌ವಾಲ್‌ಗೆ ಇದು ಗುರುತಿಲ್ಲದ ಪ್ಯಾಕೆಟ್. ಕೆಲವು ಫೈರ್‌ವಾಲ್‌ಗಳು ಅದನ್ನು ಸದ್ದಿಲ್ಲದೆ ಬಿಸಾಡುತ್ತವೆ, ಆಗ ಟೈಮ್‌ಔಟ್. ಕೆಲವು ಆರ್‌ಎಸ್‌ಟಿ ಪ್ಯಾಕೆಟ್ ವಾಪಸ್ ಕಳಿಸುತ್ತವೆ, ಆಗ ರೀಸೆಟ್. ನೀವು ಸರ್ವರ್ ರೀಸ್ಟಾರ್ಟ್ ಮಾಡಿದಾಗ ಒಂದಷ್ಟು ಹೊತ್ತು ಎಲ್ಲ ಸರಿಹೋದಂತೆ ಕಂಡಿದ್ದರೆ ಅದಕ್ಕೂ ಇದೇ ಕಾರಣ: ಎಲ್ಲ ಕನೆಕ್ಷನ್ನೂ ಹೊಸದಾದವು. ಜೊತೆಗೆ ಸಾಕ್ಷಿಯೂ ಅಳಿಸಿಹೋಯಿತು. ತೊಂದರೆ ಹುಡುಕುತ್ತಿರುವ ದಿನಗಳಲ್ಲಿ ರೀಸ್ಟಾರ್ಟ್ ಮಾಡಬೇಡಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಕ್ಯಾಪ್ಚರ್ ಇಲ್ಲದೆಯೂ ಇದನ್ನು ಪರೀಕ್ಷಿಸಬಹುದು. ಒಂದು ಕನೆಕ್ಷನ್ ತೆರೆದು ಹತ್ತು ನಿಮಿಷ ಸುಮ್ನೆ ಬಿಟ್ಟು ಬಳಸಿ ನೋಡಿ. ಸರಿ ಇದ್ದರೆ ಹೊಸದೊಂದನ್ನು ತೆರೆದು ನಲವತ್ತು ನಿಮಿಷ ಬಿಡಿ. ಬಿದ್ದರೆ ಇಪ್ಪತ್ತೈದು. ಹೀಗೆ ಮಧ್ಯ ಹಿಡಿದು ಹೋದರೆ ಐದಾರು ಪ್ರಯತ್ನದಲ್ಲಿ ಒಂದು ಸಂಖ್ಯೆಗೆ ಬಂದು ನಿಲ್ಲುತ್ತೀರಿ. 30 ನಿಮಿಷ, 60 ನಿಮಿಷದಂಥ ದುಂಡು ಸಂಖ್ಯೆ ಸಿಕ್ಕರೆ ಅದು ಯಾರೋ ಸೆಟ್ ಮಾಡಿದ ಮಿತಿ. ಆ ಸಂಖ್ಯೆಯನ್ನು ಹಿಡಿದುಕೊಂಡು ಫೈರ್‌ವಾಲ್ ನೋಡಿಕೊಳ್ಳುವವರ ಹತ್ತಿರ ಹೋಗಿ, ‘ಟಿಸಿಪಿ ಐಡಲ್ ಟೈಮ್‌ಔಟ್ ಎಷ್ಟಿಟ್ಟಿದ್ದೀರಿ?’ ಅಂತ ಕೇಳಿ. ‘ನೆಟ್‌ವರ್ಕಲ್ಲಿ ಏನೋ ತೊಂದರೆ’ ಅನ್ನುವುದಕ್ಕಿಂತ ಈ ಪ್ರಶ್ನೆಗೆ ಬೇಗ ಉತ್ತರ ಸಿಗುತ್ತದೆ.

ಪರಿಹಾರ ಕೀಪ್‌ಅಲೈವ್. ಕನೆಕ್ಷನ್ ಖಾಲಿ ಕೂತಿರುವಾಗ ನಡುನಡುವೆ ಒಂದು ಪುಟ್ಟ ಪ್ಯಾಕೆಟ್ ಕಳಿಸಿ ‘ಇನ್ನೂ ಇದ್ದೇನೆ’ ಅನ್ನುವುದು. ಲಿನಕ್ಸ್‌ನಲ್ಲಿ ಇದು ಮೊದಲ ಸಲ ಹೋಗುವುದು 7200 ಸೆಕೆಂಡಿಗೆ, ಅಂದರೆ ಎರಡು ಗಂಟೆ ಆದ ಮೇಲೆ. 1989ರ ಆರ್‌ಎಫ್‌ಸಿ 1122 (ಇಂಟರ್ನೆಟ್ಟಿನ ನಿಯಮಗಳ ದಾಖಲೆಗಳಲ್ಲಿ ಒಂದು) ಈ ಅವಧಿ ಡೀಫಾಲ್ಟ್ ಆಗಿ ಎರಡು ಗಂಟೆಗಿಂತ ಕಡಿಮೆ ಇರಬಾರದು ಅಂತ ಹೇಳಿತ್ತು, ಅದೇ ಉಳಿದುಬಂದಿದೆ. 2008ರ ಆರ್‌ಎಫ್‌ಸಿ 5382 ನ್ಯಾಟ್ ಮಾಡುವ (ಹಲವು ಕಂಪ್ಯೂಟರುಗಳನ್ನು ಒಂದೇ ವಿಳಾಸದ ಹಿಂದೆ ಇಡುವ) ಸಾಧನಗಳಿಗೆ, ತೆರೆದಿರುವ ಕನೆಕ್ಷನ್ನನ್ನು 2 ಗಂಟೆ 4 ನಿಮಿಷಕ್ಕಿಂತ ಮುಂಚೆ ಮರೆಯಬೇಡಿ ಅಂತಲೂ ಹೇಳಿತು. ಎರಡು ಗಂಟೆಯ ಕೀಪ್‌ಅಲೈವ್ ತಲುಪಲಿ ಅನ್ನುವುದೇ ಆ ನಾಲ್ಕು ನಿಮಿಷದ ಹಿಂದಿನ ಲೆಕ್ಕ. ಆದರೆ ನಿಜದಲ್ಲಿ ಬಹಳ ಸಾಧನಗಳು ಒಂದು ಗಂಟೆಗೆ, ಅರ್ಧ ಗಂಟೆಗೆ, ಕೆಲವು ನಾಲ್ಕೈದು ನಿಮಿಷಕ್ಕೇ ಮರೆಯುತ್ತವೆ. ನೀವು ಕಂಡುಹಿಡಿದ ಮಿತಿಯ ಅರ್ಧಕ್ಕಿಂತ ಕಡಿಮೆ ಅವಧಿಗೆ ಕೀಪ್‌ಅಲೈವ್ ಇಡಿ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕರ್ನಲ್‌ನಲ್ಲಿ ಆ 7200 ಅನ್ನು 300 ಮಾಡಿಬಿಟ್ಟರೆ ಮುಗಿಯಲಿಲ್ಲ. ಪ್ರೋಗ್ರಾಂ ತನ್ನ ಸಾಕೆಟ್ (ಕನೆಕ್ಷನ್ನಿನ ತನ್ನ ಕಡೆಯ ತುದಿ) ಮೇಲೆ ಕೀಪ್‌ಅಲೈವ್ ಆನ್ ಮಾಡಿದ್ದರೆ ಮಾತ್ರ ಆ ಸಂಖ್ಯೆಗೆ ಬೆಲೆ. ಆನ್ ಆಗಿದೆಯೋ ಇಲ್ಲವೋ ಅನ್ನುವುದನ್ನು ಕನೆಕ್ಷನ್‌ಗಳ ಪಟ್ಟಿ ಕೊಡುವ ಎಸ್‌ಎಸ್ ಕಮಾಂಡ್‌ನಲ್ಲಿ ಟೈಮರ್ ತೋರಿಸುವ ಆಯ್ಕೆ ಹಾಕಿ ನೋಡಿ. ಆ ಕನೆಕ್ಷನ್ ಎದುರು ಕೀಪ್‌ಅಲೈವ್ ಟೈಮರ್ ಕಾಣದಿದ್ದರೆ ಏನೂ ಬದಲಾಗಿಲ್ಲ ಅಂತ ಅರ್ಥ.

ಇನ್ನು ತಕ್ಷಣದ ರೀಸೆಟ್. ಅದು ಕೂಡ ವಿರಾಮದ ನಂತರವೇ ಬರುತ್ತಿದ್ದರೆ ಮೇಲಿನ ಮಾತೇ ಸಾಕು. ಆದರೆ ದಿನದ ಮಧ್ಯೆ, ಕೆಲವೇ ಸೆಕೆಂಡು ಅಥವಾ ಒಂದೆರಡು ನಿಮಿಷ ಖಾಲಿ ಬಿಟ್ಟ ಕನೆಕ್ಷನ್ನಿಗೂ ಬರುತ್ತಿದ್ದರೆ ಕಾರಣ ಬೇರೆ. ಸರ್ವರ್ ಪ್ರೋಗ್ರಾಂ ಕೂಡ ಖಾಲಿ ಕನೆಕ್ಷನ್‌ಗಳನ್ನು ಇಷ್ಟು ಹೊತ್ತಿಗೆ ಮುಚ್ಚಬೇಕು ಅಂತ ಇಟ್ಟುಕೊಂಡಿರುತ್ತದೆ. ಕ್ಲೈಂಟ್ ತನ್ನ ಕನೆಕ್ಷನ್ ಪೂಲ್‌ನಲ್ಲಿ (ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನಲ್ಲಿ) ಅದನ್ನು ಇನ್ನೂ ಜಾಸ್ತಿ ಹೊತ್ತು ಇಟ್ಟುಕೊಂಡಿರುತ್ತದೆ. ಸರ್ವರ್ ಬಾಗಿಲು ಮುಚ್ಚುವ ಕ್ಷಣಕ್ಕೇ ಕ್ಲೈಂಟ್ ಹೊಸ ಪ್ರಶ್ನೆ ಕಳಿಸಿದರೆ ಎರಡು ಪ್ಯಾಕೆಟ್‌ಗಳು ದಾರಿಯಲ್ಲಿ ಎದುರುಬದುರಾಗಿ ಹಾದುಹೋಗುತ್ತವೆ. ಮುಚ್ಚಿದ ಬಾಗಿಲಿಗೆ ಬಂದ ಪ್ರಶ್ನೆಗೆ ಸರ್ವರ್ ಆರ್‌ಎಸ್‌ಟಿ ಕೊಡುತ್ತದೆ. ಕೆಲವೇ ಮಿಲಿಸೆಕೆಂಡಿನ ಕಿಂಡಿ ಇದು. ದಿನಕ್ಕೆ ಸಾವಿರಾರು ಸಲ ಬಳಸುವಾಗ ನಾಲ್ಕೈದು ಸಲ ಅದರಲ್ಲಿ ಸಿಕ್ಕಿಬೀಳುವುದು ಸಹಜ. ನೋಡಲು ಪೂರ್ತಿ ಅದೃಷ್ಟದಂತೆಯೇ ಕಾಣುವ ತೊಂದರೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ಮದ್ದು ಸರಳ: ಕನೆಕ್ಷನ್ನನ್ನು ಮತ್ತೆ ಬಳಸುವವರು ಮೊದಲು ಬಿಡಬೇಕು. ಸರ್ವರ್ 60 ಸೆಕೆಂಡಿಗೆ ಮುಚ್ಚುವುದಾದರೆ ಕ್ಲೈಂಟ್ ಪೂಲ್ 50ಕ್ಕೇ ಕೈಬಿಡಲಿ. ನಡುವೆ ಪ್ರಾಕ್ಸಿ ಅಥವಾ ಲೋಡ್ ಬ್ಯಾಲೆನ್ಸರ್‌ನಂಥ ಮಧ್ಯವರ್ತಿ ಇದ್ದರೆ ಪ್ರತಿ ಜೋಡಿಗೂ ಇದೇ ಲೆಕ್ಕ ಹಾಕಿ.

ಈ ಎರಡು ರೀಸೆಟ್‌ಗಳನ್ನು ಬೇರ್ಪಡಿಸುವುದಕ್ಕೂ ಎರಡು ಕಡೆಯ ಕ್ಯಾಪ್ಚರ್ ಬೇಕು. ಸರ್ವರ್ ಕಡೆಯ ಫೈಲಿನಲ್ಲಿ ಸರ್ವರ್ ಆರ್‌ಎಸ್‌ಟಿ ಕಳಿಸಿದ್ದು ಕಂಡರೆ ಅದು ಸರ್ವರಿನದೇ. ಕ್ಲೈಂಟ್‌ಗೆ ಬಂದಿದೆ, ಆದರೆ ಸರ್ವರ್ ಕಳಿಸೇ ಇಲ್ಲ ಅಂದರೆ ನಡುವಿನವರ ಕೆಲಸ. ಕ್ಲೈಂಟ್ ಕಡೆಯಲ್ಲೇ ಇನ್ನೊಂದು ಸುಳಿವೂ ಸಿಗುತ್ತದೆ. ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಅನ್ನುವ ಸಂಖ್ಯೆ ಇರುತ್ತದೆ, ದಾರಿಯ ಪ್ರತಿ ರೂಟರೂ ಅದನ್ನು ಒಂದೊಂದು ಕಡಿಮೆ ಮಾಡುತ್ತದೆ. ಸರ್ವರಿನ ಬೇರೆಲ್ಲ ಪ್ಯಾಕೆಟ್‌ಗಳಲ್ಲಿ 58 ಇದ್ದು ಆರ್‌ಎಸ್‌ಟಿಯಲ್ಲಿ ಮಾತ್ರ 63 ಇದ್ದರೆ ಅದು ಹತ್ತಿರದಲ್ಲೇ ಹುಟ್ಟಿದ್ದು ಅಂತ ಬಲವಾದ ಅನುಮಾನ ಪಡಬಹುದು.

ಮೂರನೆಯದು ಒತ್ತಡದ ಹೊತ್ತಿನ ತಡ. ಸಿನ್ ಬೀಳುತ್ತಿದೆ ಅಂತ ಮೇಲೆ ಹೇಳಿದೆ. ಎಲ್ಲಿ ಬೀಳುತ್ತಿದೆ? ಮತ್ತೆ ಅದೇ ಎರಡು ಫೈಲ್ ನೋಡಿ. ಮೊದಲ ಸಿನ್ ಸರ್ವರಿಗೆ ಬಂದಿದೆ, ಸರ್ವರ್ ಮಾತಾಡಿಲ್ಲ ಅಂತಾದರೆ ನನ್ನ ಮೊದಲ ಅನುಮಾನ ಅಕ್ಸೆಪ್ಟ್ ಸಾಲಿನ ಮೇಲೆ. ಪೂರ್ತಿ ಆದ ಕನೆಕ್ಷನ್‌ಗಳನ್ನು ಕರ್ನಲ್ ಒಂದು ಸಾಲಿನಲ್ಲಿ ನಿಲ್ಲಿಸಿರುತ್ತದೆ, ಪ್ರೋಗ್ರಾಂ ಬಂದು ಒಬ್ಬೊಬ್ಬರನ್ನೇ ಒಳಗೆ ಕರೆದುಕೊಳ್ಳಬೇಕು. ಸಾಲು ತುಂಬಿದ್ದರೆ ಲಿನಕ್ಸ್ ಹೊಸ ಸಿನ್‌ಗೆ ‘ಜಾಗ ಇಲ್ಲ’ ಅಂತಲೂ ಹೇಳುವುದಿಲ್ಲ, ಸುಮ್ಮನೆ ಬಿಡುತ್ತದೆ. ಕ್ಲೈಂಟ್ ಒಂದು ಸೆಕೆಂಡು ಬಿಟ್ಟು ಮತ್ತೆ ತಟ್ಟುತ್ತದೆ, ಅಷ್ಟರಲ್ಲಿ ಜಾಗ ಆಗಿರುತ್ತದೆ. ನೋಡುವುದು ಸುಲಭ. ಎಸ್‌ಎಸ್ ಕಮಾಂಡ್‌ನಲ್ಲಿ ಲಿಸನ್ ಮಾಡುತ್ತಿರುವ ಪೋರ್ಟಿನ ಎದುರು ಎರಡು ಸಂಖ್ಯೆ ಇರುತ್ತವೆ: ಮೊದಲನೆಯದು ಈಗ ಸಾಲಿನಲ್ಲಿರುವವರು, ಎರಡನೆಯದು ಸಾಲಿನ ಮಿತಿ. ಎನ್‌ಸ್ಟ್ಯಾಟ್ ಕಮಾಂಡ್‌ನಲ್ಲಿ ‘ಲಿಸನ್ ಓವರ್‌ಫ್ಲೋಸ್’ ಅನ್ನುವ ಎಣಿಕೆ ಒತ್ತಡದ ಹೊತ್ತಿನಲ್ಲಿ ಏರುತ್ತಿದ್ದರೆ ಕಳ್ಳ ಸಿಕ್ಕ ಹಾಗೆ. ಹಳೆಯ ಲಿನಕ್ಸ್‌ಗಳಲ್ಲಿ ಕರ್ನಲ್ ಒಪ್ಪುವ ಮಿತಿ ಡೀಫಾಲ್ಟ್ ಆಗಿ 128 ಇತ್ತು. 2019ರ 5.4ನೇ ಆವೃತ್ತಿಯಿಂದ 4096. ಪ್ರೋಗ್ರಾಂ ತಾನೇ ಕಡಿಮೆ ಕೇಳಿದ್ದರೆ ಎರಡರಲ್ಲಿ ಚಿಕ್ಕದೇ ನಡೆಯುತ್ತದೆ. ಆದರೆ ಸಾಲು ಉದ್ದ ಮಾಡುವ ಮುಂಚೆ ಪ್ರೋಗ್ರಾಂ ಯಾಕೆ ಕರೆದುಕೊಳ್ಳುತ್ತಿಲ್ಲ ಅಂತ ನೋಡಿ. ಆ ಹೊತ್ತಿಗೇ ಬ್ಯಾಕಪ್ ಓಡುತ್ತಿದೆಯಾ? ಡಿಸ್ಕ್ ಏದುಸಿರು ಬಿಡುತ್ತಿದೆಯಾ? ಸಾಲು ಉದ್ದವಾದರೆ ಕಾಯುವವರು ಜಾಸ್ತಿ ಆಗುತ್ತಾರೆ, ಕೆಲಸ ಬೇಗ ಆಗುವುದಿಲ್ಲ.

ಓವರ್‌ಫ್ಲೋ ಏರದಿದ್ದರೆ ಸರ್ವರಿನ ಕರ್ನಲ್ ಸಂದೇಶಗಳಲ್ಲಿ ‘ಕಾನ್‌ಟ್ರ್ಯಾಕ್ ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಅಂತ ಇದೆಯೇ ನೋಡಿ. ಸರ್ವರಿನ ಒಳಗಿನ ಫೈರ್‌ವಾಲ್‌ಗೂ ಒಂದು ಪಟ್ಟಿ ಇರುತ್ತದೆ, ಅದೂ ತುಂಬುತ್ತದೆ. ನಿಮ್ಮ 40 ಕಂಪ್ಯೂಟರುಗಳೂ ಒಂದೇ ನ್ಯಾಟ್ ವಿಳಾಸದ ಹಿಂದಿದ್ದು ಸರ್ವರ್ ಬಹಳ ಹಳೆಯದಾಗಿದ್ದರೆ ಇನ್ನೊಂದನ್ನು ಮರೆಯಬೇಡಿ. ‘ಟಿಡಬ್ಲ್ಯೂ ರೀಸೈಕಲ್’ ಅನ್ನುವ ಒಂದು ಸೆಟ್ಟಿಂಗ್ ಇತ್ತು. ವೇಗ ಹೆಚ್ಚಿಸುತ್ತದೆ ಅಂತ ಅದನ್ನು ಆನ್ ಮಾಡಲು ಹೇಳುವ ಬರಹಗಳು ಬೇಕಾದಷ್ಟಿದ್ದವು. ಒಂದೇ ವಿಳಾಸದಿಂದ ಬರುವ ಎಲ್ಲ ಪ್ಯಾಕೆಟ್‌ಗಳೂ ಒಂದೇ ಯಂತ್ರದವು ಅಂತ ಅದು ತಿಳಿಯುತ್ತಿತ್ತು. ಬೇರೆ ಬೇರೆ ಯಂತ್ರಗಳ ಟೈಮ್‌ಸ್ಟ್ಯಾಂಪ್ ಹಿಂದೆಮುಂದೆ ಆದಾಗ ಹಿಂದಿನದನ್ನು ಹಳೆಯ ಪ್ಯಾಕೆಟ್ ಅಂತ ಬಿಸಾಡುತ್ತಿತ್ತು. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗಲ್ಲ. 2017ರಲ್ಲಿ ಲಿನಕ್ಸ್ 4.12ರಿಂದ ಅದನ್ನು ತೆಗೆದೇ ಹಾಕಿದರು. ಹಳೆಯ ಸರ್ವರಿನಲ್ಲಿ ಆನ್ ಇದ್ದರೆ ಇವತ್ತೇ ಆಫ್ ಮಾಡಿ.

ನಿಮ್ಮ ಲಕ್ಷಣಗಳಿಗೆ ಹೊಂದದ, ಆದರೆ ಓದುವ ಬೇರೆಯವರಿಗೆ ಬೇಕಾಗಬಹುದಾದ ಎರಡು ಮಾತು ಚಿಕ್ಕದಾಗಿ. ಕನೆಕ್ಟ್ ಆಗುತ್ತೆ, ಲಾಗಿನ್ ಆಗುತ್ತೆ, ದೊಡ್ಡ ವರದಿ ತೆರೆದಾಗ ಮಾತ್ರ ನಿಂತುಬಿಡುತ್ತೆ ಅಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ, ನೋಡಿ. ಸಾಮಾನ್ಯ ಈಥರ್‌ನೆಟ್ ಪ್ಯಾಕೆಟ್ಟಿನ ಮಿತಿ 1500 ಬೈಟ್, ದಾರಿಯಲ್ಲಿ ವಿಪಿಎನ್‌ನಂಥ ಟನೆಲ್ ಇದ್ದರೆ ಅದಕ್ಕಿಂತ ಕಡಿಮೆ. ‘ಪ್ಯಾಕೆಟ್ ದೊಡ್ಡದಾಯಿತು’ ಅನ್ನುವ ಐಸಿಎಂಪಿ ಸಂದೇಶವನ್ನು ಯಾರಾದರೂ ತಡೆದಿದ್ದರೆ ದೊಡ್ಡ ಪ್ಯಾಕೆಟ್‌ಗಳು ಸದ್ದಿಲ್ಲದೆ ಮಾಯವಾಗುತ್ತವೆ. ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ 1472 ಬೈಟಿನ ಪಿಂಗ್ ಕಳಿಸಿದರೆ ಗೊತ್ತಾಗುತ್ತದೆ. ಮೂರರಲ್ಲಿ ಒಂದು ಸಲ ಸರಿಯಾಗಿ ಬೀಳುತ್ತದೆ ಅಂದರೆ ಹೆಸರಿನ ಹಿಂದೆ ಎಷ್ಟು ಐಪಿ ಇದೆ ಎಣಿಸಿ. ಮೂರಿದ್ದು ಅದರಲ್ಲಿ ಒಂದು ಸತ್ತಿರಬಹುದು.

ಮರುಪ್ರಯತ್ನದ ವಿಷಯ. ‘ಪ್ರೋಗ್ರಾಂನಲ್ಲೇ ರೀಟ್ರೈ ಹಾಕಿಬಿಡಿ, ಬಳಸುವವರಿಗೆ ಗೊತ್ತೇ ಆಗಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊನೆಗೆ ಅದು ಬೇಕು, ನಿಜ. ಆದರೆ ಈಗಲೇ ಹಾಕಿದರೆ ತೊಂದರೆ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ಹಾಕುವಾಗಲೂ ಜೋಪಾನ. ಟೈಮ್‌ಔಟ್ ಆಯಿತು ಅಂದರೆ ಸರ್ವರ್ ಕೆಲಸ ಮಾಡಿಲ್ಲ ಅಂತಲ್ಲ. ಕೆಲಸ ಮುಗಿಸಿ ಕಳಿಸಿದ ಉತ್ತರವೇ ಕಳೆದಿರಬಹುದು. ಆಗ ರೀಟ್ರೈ ಮಾಡಿದರೆ ಒಂದೇ ದಾಖಲೆ ಎರಡು ಸಲ ಸೇರುತ್ತದೆ. ಪ್ರತಿ ಕೋರಿಕೆಗೂ ಒಂದು ಬೇರೆ ಗುರುತು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡುವಂತೆ ಮಾಡಿದ ಮೇಲೆ ಮಾತ್ರ ರೀಟ್ರೈ ಹಾಕಿ. ಪ್ರಯತ್ನಗಳ ನಡುವಿನ ಅಂತರ ಇಮ್ಮಡಿಯಾಗುತ್ತಾ ಹೋಗಲಿ, ಅದರಲ್ಲಿ ಸ್ವಲ್ಪ ಏರುಪೇರೂ ಇರಲಿ. ಇಲ್ಲದಿದ್ದರೆ 40 ಕಂಪ್ಯೂಟರುಗಳೂ ಒಂದೇ ಕ್ಷಣಕ್ಕೆ ಬಾಗಿಲು ತಟ್ಟುತ್ತವೆ.

ಈಗ ನಿಮ್ಮ ಕ್ರಮ. ಈ ವಾರ ಲಾಗ್ ಮತ್ತು ಕ್ಯಾಪ್ಚರ್, ಬೇರೇನೂ ಬೇಡ. ನಡುವೆ ನುಂಗುತ್ತಿರುವುದು ಖಚಿತವಾದರೆ ಕೀಪ್‌ಅಲೈವ್ ಒಂದನ್ನೇ ಬದಲಿಸಿ, ಅವತ್ತು ಇನ್ಯಾವುದನ್ನೂ ಮುಟ್ಟದೆ ಮೂರು ನಾಲ್ಕು ದಿನ ಫೇಲ್‌ಗಳನ್ನು ಎಣಿಸಿ. ಬೆಳಗಿನ ಮತ್ತು ವಿರಾಮದ ನಂತರದ ಟೈಮ್‌ಔಟ್ ನಿಲ್ಲಬೇಕು. ರೀಸೆಟ್ ಉಳಿದಿದ್ದರೆ ಪೂಲ್‌ನ ಅವಧಿ ಬದಲಿಸಿ ಮತ್ತೆ ಎಣಿಸಿ. ಅದಕ್ಕೂ ಬಗ್ಗದ ರೀಸೆಟ್ ಏನಾದರೂ ಇದ್ದರೆ ಎರಡೂ ಕಡೆಯ ಫೈಲಿನಲ್ಲಿ ಆ ಕನೆಕ್ಷನ್‌ನ ಕೊನೆಯ ಹತ್ತು ಸಾಲು, ಆರ್‌ಎಸ್‌ಟಿಯ ಟಿಟಿಎಲ್ ಮತ್ತು ಅದಕ್ಕೆ ಮುಂಚೆ ಕನೆಕ್ಷನ್ ಎಷ್ಟು ಹೊತ್ತು ಖಾಲಿ ಇತ್ತು ಅನ್ನುವುದನ್ನು ಬರೆದು ಕಳಿಸಿ. ಅಲ್ಲಿಂದ ಮುಂದೆ ಒಟ್ಟಿಗೆ ನೋಡೋಣ.